ತುಂಡಿನ ಕೈಯಲ್ಲಿ ಇಡೀ ಅಣುವಿನ ಅಂಕಪಟ್ಟಿ

ಥೈಮೋಸಿನ್ ಬೀಟಾ-4, ಟಿಬಿ-500 ಎರಡೂ ಒಂದೇ ಅಲ್ವಾ? ಗಾಯ ಮಾಯಲು ನೆರವಾಗುತ್ತವೆಯೇ ಎಂದು ಪರೀಕ್ಷಿಸಲಾಗುವ ಪೆಪ್ಟೈಡ್‌ಗಳು (ಅಮೈನೋ ಆಮ್ಲಗಳ ಕಿರು ಸರಪಳಿಗಳು) ಇವು. ಪೆಪ್ಟೈಡ್ ಕೆಲಸ ಮಾಡುವ ನನಗೆ ಜಾಸ್ತಿ ಬರುವ ಪ್ರಶ್ನೆ ಇದು. ಒಂದೇ ಅಲ್ಲ. ಮೊದಲನೆಯದು ನಮ್ಮ ದೇಹ ತಾನೇ ತಯಾರಿಸುವ 43 ಅಮೈನೋ ಆಮ್ಲಗಳ ಸರಪಳಿ. ಎರಡನೆಯದು ಅದರ 17ರಿಂದ 23ರವರೆಗಿನ ಏಳೇ ಏಳು ಅಮೈನೋ ಆಮ್ಲಗಳನ್ನು ಲ್ಯಾಬಿನಲ್ಲಿ ಜೋಡಿಸಿ, ಮುಂದಿನ ತುದಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಸೇರಿಸಿದ್ದು. ಮಾರುವವರಲ್ಲಿ ಕೆಲವರು ಇಡೀ ಅಣುವಿಗೂ ಟಿಬಿ-500 ಎಂದೇ ಚೀಟಿ ಅಂಟಿಸುತ್ತಾರೆ, ಹಾಗಾಗಿ ಸೀಸೆ ಮೇಲಿನ ಹೆಸರನ್ನು ನಾನಂತೂ ನಂಬುವುದಿಲ್ಲ. ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕಿದರೆ ಗೊತ್ತಾಗುತ್ತದೆ: ಇಡೀ ಅಣು ಸುಮಾರು 4,960 ಡಾಲ್ಟನ್, ತುಂಡು 889.

ಇಡೀ ಅಣು ಮೊದಲು ಸಿಕ್ಕಿದ್ದು ಕರುವಿನ ಥೈಮಸ್ ಗ್ರಂಥಿಯಲ್ಲಿ. ವಿಜ್ಞಾನಿ ಅಲನ್ ಗೋಲ್ಡ್‌ಸ್ಟೀನ್ ತಂಡ 1981ರಲ್ಲಿ ಅದರ ಪೂರ್ತಿ ಅನುಕ್ರಮ ಪ್ರಕಟಿಸಿತು. ಆಗ ಅದನ್ನು ಥೈಮಸ್ ಹಾರ್ಮೋನ್ ಅಂದುಕೊಂಡಿದ್ದರು. ಆಮೇಲೆ ನೋಡಿದರೆ ಬಹುತೇಕ ಎಲ್ಲ ಬಗೆಯ ಜೀವಕೋಶಗಳಲ್ಲೂ ಇದೆ, ಪ್ಲೇಟ್‌ಲೆಟ್‌ಗಳಲ್ಲಂತೂ ರಾಶಿ ರಾಶಿ. ಅದರ ಅಸಲಿ ಕೆಲಸ ಬಯಲಾಗಿದ್ದು 1990ರ ದಶಕದ ಆರಂಭದಲ್ಲಿ. ಒಂದು ಥೈಮೋಸಿನ್ ಅಣು ಜೀವಕೋಶದೊಳಗೆ ಎಳೆ ಕಟ್ಟುವ ಪ್ರೋಟೀನ್ ಆದ ಆಕ್ಟಿನ್‌ನ ಒಂದು ಬಿಡಿ ಅಣುವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದು ಎಳೆಯಾಗಿ ಸೇರಿಕೊಳ್ಳದಂತೆ ತಡೆಯುತ್ತದೆ. ಗಾಯದ ಕಡೆ ಸರಿಯುವ ಜೀವಕೋಶ ಬೇಗ ಬೇಗ ಎಳೆ ಕಟ್ಟಬೇಕು, ಅದಕ್ಕೆ ಬೇಕಾದ ಆಕ್ಟಿನ್ ದಾಸ್ತಾನು ಇದೇ.

ಈ ಹಿಡಿತದ ತಿರುಳು 17ರಿಂದ 22ರ ಜಾಗದಲ್ಲಿದೆ, ಟಿಬಿ-500 ಕತ್ತರಿಸಿಕೊಂಡಿರುವುದು ಅದನ್ನೇ. ಆದರೆ ಇಡೀ ಅಣು ಆಕ್ಟಿನ್ ಅನ್ನು ಬರೀ ನಡುವಿನಿಂದ ಹಿಡಿಯುವುದಿಲ್ಲ. ಎರಡೂ ತುದಿಗಳ ಕಡೆ ಇರುವ ಸುರುಳಿಗಳು ಆಕ್ಟಿನ್‌ನ ಎರಡು ಕಡೆ ಕೂತು ದಾರಿ ಮುಚ್ಚುತ್ತವೆ. ತುಂಡಿಗೆ ಆ ಸುರುಳಿಗಳಿಲ್ಲ. ಇನ್ನೊಂದು ವಿಷಯ, ಇಡೀ ಅಣುವಿನ ಮೊದಲ ನಾಲ್ಕು ಅಮೈನೋ ಆಮ್ಲಗಳನ್ನು ದೇಹದ ಕಿಣ್ವಗಳು ಬಿಡಿಸಿಕೊಳ್ಳುತ್ತವೆ. ಎಸ್‌ಡಿಕೆಪಿ ಎಂಬ ಆ ಪುಟ್ಟ ಪೆಪ್ಟೈಡ್‌ಗೆ ಅಂಗಾಂಶ ನಾರುಗಟ್ಟುವುದನ್ನು ತಗ್ಗಿಸುವ ತನ್ನದೇ ಗುಣವಿದೆ. ಟಿಬಿ-500ರಿಂದ ಅದು ಹುಟ್ಟುವ ಮಾತೇ ಇಲ್ಲ.

ಹಾಗಂತ ತುಂಡು ಸುಮ್ನೆ ಕೂತಿದೆ ಅಂತಲ್ಲ. 1999ರಲ್ಲಿ ಇಲಿಗಳ ಗಾಯಕ್ಕೆ ಇಡೀ ಅಣು ಕೊಟ್ಟಾಗ 4ನೇ ದಿನ ಮೇಲ್ಪದರ ಬೆಳೆಯುವುದು ಉಪ್ಪುನೀರು ಕೊಟ್ಟ ಗುಂಪಿಗಿಂತ 42% ಹೆಚ್ಚಿತ್ತು. 2003ರಲ್ಲಿ ಮಧುಮೇಹದ ಮತ್ತು ವಯಸ್ಸಾದ ಇಲಿಗಳಲ್ಲಿ ಏಳರ ತುಂಡೂ ಗಾಯ ಮಾಯಲು ನೆರವಾಯಿತು. ನನ್ನ ತಕರಾರು ಬೇರೆ. ಹೃದಯದ ಮೇಲೆ, ಕಣ್ಣಿನ ಮೇಲೆ ನಡೆದ ಹೆಸರಾಂತ ಅಧ್ಯಯನಗಳಲ್ಲಿ ಬಳಸಿದ್ದು ಇಡೀ ಅಣುವನ್ನು, ಅದರ ಅಂಕಪಟ್ಟಿ ತೋರಿಸಿ ತುಂಡಿಗೆ ಸೀಟು ಕೇಳುವುದು ಯಾವ ನ್ಯಾಯ?

ಎರಡನ್ನೂ ಒಟ್ಟಿಗೆ ಪರೀಕ್ಷಿಸುವವರು ಎಡವುವುದು ಜಾಸ್ತಿ ತೂಕದಲ್ಲಿ. ಎರಡಕ್ಕೂ ಒಂದೊಂದು ಮಿಲಿಗ್ರಾಂ ಹಾಕಿ ಸಮ ಆಯಿತು ಅಂದುಕೊಳ್ಳುತ್ತಾರೆ. ಒಂದು ಮಿಲಿಗ್ರಾಂ ಇಡೀ ಪೆಪ್ಟೈಡ್ ಅಂದರೆ ಸುಮಾರು 0.2 ಮೈಕ್ರೋಮೋಲ್, ಅಷ್ಟೇ ತೂಕದ ಟಿಬಿ-500 ಸುಮಾರು 1.1. ಅಂದರೆ ಐದೂವರೆ ಪಟ್ಟು ಹೆಚ್ಚು ಅಣುಗಳು, ಹೀಗಿರುವಾಗ ತುಂಡು ಗೆದ್ದರೆ ಆಶ್ಚರ್ಯ ಏನಿದೆ? ಹೋಲಿಕೆ ಮೋಲ್ ಲೆಕ್ಕದಲ್ಲೇ, ಅಂದರೆ ಅಣುಗಳ ಎಣಿಕೆಯಲ್ಲೇ ಆಗಬೇಕು. ಪುಡಿಯ ತೂಕವೂ ಪೂರ್ತಿ ಪೆಪ್ಟೈಡ್ ಅಲ್ಲ, ಅದರಲ್ಲಿ ನೀರು, ಅಸಿಟೇಟ್ ಅಥವಾ ಟ್ರೈಫ್ಲೋರೋಅಸಿಟೇಟ್ ಉಪ್ಪು ಇರುತ್ತವೆ. 99% ಶುದ್ಧ ಅಂತ ಬರೆದಿದ್ದರೂ ಆ ಅಂಕಿ ಇವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಇದರ ಜೊತೆಗೆ ಅದೇ ಏಳು ಅಮೈನೋ ಆಮ್ಲಗಳನ್ನು ಕಲಸಿ ಬೇರೆ ಕ್ರಮದಲ್ಲಿ ಜೋಡಿಸಿದ ಪೆಪ್ಟೈಡ್ ಒಂದು ಕಂಟ್ರೋಲ್ ಆಗಿ, ಅಂದರೆ ಹೋಲಿಸಿ ನೋಡಲು, ಇರಲೇಬೇಕು. ಅದಿಲ್ಲದ ಪ್ರಬಂಧ ನನ್ನ ಕೈಗೆ ಬಂದರೆ ವಾಪಸ್ ಕಳಿಸುತ್ತೇನೆ.

ಔಷಧವಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇವೆರಡರಲ್ಲಿ ಯಾವುದನ್ನೂ ಒಪ್ಪಿಲ್ಲ. ಕ್ರೀಡೆಯಲ್ಲಿ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಎರಡನ್ನೂ ನಿಷೇಧಿಸಿದೆ. ಆದರೆ ಸಿಕ್ಕಿಬೀಳುವುದರಲ್ಲೂ ಇವು ಬೇರೆ ಬೇರೆ. ಇಡೀ ಅಣು ಎಲ್ಲರ ರಕ್ತದಲ್ಲೂ ಇರುವುದರಿಂದ ಅದು ಹೊರಗಿನಿಂದ ಬಂತು ಅಂತ ತೋರಿಸುವುದು ಕಷ್ಟ. ಅಸಿಟೈಲ್ ಹೊತ್ತ ಏಳರ ತುಂಡನ್ನು ದೇಹ ತಾನಾಗಿ ಮಾಡುವುದಿಲ್ಲ, ಮೂತ್ರದಲ್ಲಿ ಕಂಡರೆ ಬೇರೆ ವಿವರಣೆ ಕೊಡಲು ಜಾಗವಿಲ್ಲ.