ಪದ ಪರಿಚಯ: ಕೃತಕ ಭಾಷೆ

ಮಕ್ಕಳ ‘ಕ ಭಾಷೆ’ಯನ್ನು ‘ಕೃತಕ ಭಾಷೆ’ ಎಂದು ಕರೆದ ಬರಹವೊಂದು ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಎಷ್ಟನೆಯ ಸಲವೋ! ‘ಕನಾಕನು ಕಬಂಕದೆ’ ಎಂದರೆ ‘ನಾನು ಬಂದೆ’. ಪ್ರತಿ ಅಕ್ಷರಕ್ಕೂ ಮೊದಲು ಒಂದು ಕ, ಅಷ್ಟೆ. ‘ನಾನು’ ಎಂಬುದಕ್ಕೆ ತಕ್ಕಂತೆ ‘ಬಂದೆ’ಯ ಕೊನೆಗೆ ಬರುವ ಎಕಾರ ಅಲ್ಲೂ ಹಾಗೇ ಇದೆ. ಅದು ವೇಷ ಹಾಕಿದ ಕನ್ನಡ, ಕೃತಕ ಭಾಷೆಯಲ್ಲ.

ಎಡವಟ್ಟೆಲ್ಲ ‘ಕೃತಕ’ದ್ದು. ಕೃತಕ ನಗು, ಕೃತಕ ಅಭಾವ ಎಂದು ಹೇಳಿ ಹೇಳಿ ಅದು ನಮ್ಮ ಕಿವಿಗೆ ‘ಸುಳ್ಳು’ ಎಂದೇ ಕೇಳಿಸುತ್ತದೆ. ಸಂಸ್ಕೃತದ ‘ಕೃ’ ಎಂದರೆ ಮಾಡು. ಕೃತ ಎಂದರೆ ಮಾಡಿದ್ದು, ಕೃತಕ ಎಂದರೂ ಮೊದಲಿಗೆ ಅಷ್ಟೇ ಅರ್ಥ. ನೈಯಾಯಿಕರ, ಅಂದರೆ ನ್ಯಾಯದರ್ಶನದ ತರ್ಕಪಂಡಿತರ, ಹಳೆಯ ವಾದ ನೆನಪಿಸಿಕೊಳ್ಳಿ: ಶಬ್ದ ಅನಿತ್ಯ, ಏಕೆಂದರೆ ಅದು ಕೃತಕ, ಗಡಿಗೆಯ ಹಾಗೆ. ಕುಂಬಾರ ಮಾಡಿದ ಗಡಿಗೆ ಸುಳ್ಳಲ್ಲ, ಅದರಲ್ಲಿ ನೀರು ನಿಲ್ಲುತ್ತದೆ. ಶಬ್ದ ನಿತ್ಯ ಎಂದು, ವೇದವನ್ನು ಯಾರೂ ಮಾಡಿದ್ದಲ್ಲ ಎನ್ನುವ ಮೀಮಾಂಸಕರು ಹಟ ಹಿಡಿದದ್ದು ಈ ‘ಮಾಡಿದ್ದು’ ಎಂಬ ಮಾತನ್ನು ಒಪ್ಪದೆ. ಹಾಗಾಗಿ ಕೃತಕ ಭಾಷೆ ಎಂದರೆ ಯಾರೋ ಕೂತು ಮಾಡಿದ ಭಾಷೆ. ಆ ಮಾಡುವ ಕೆಲಸ ಹೆಚ್ಚಾಗಿ ನಡೆಯುವುದು ವ್ಯಾಕರಣದಲ್ಲಿ.

ಐನೂರು ಹೊಸ ಪದ ಹುಟ್ಟಿಸಿ ಅವಕ್ಕೆ ನಮ್ಮದೇ ವಿಭಕ್ತಿ ಅಂಟಿಸಿದರೆ ಕೈಗೆ ಸಿಗುವುದು ಇನ್ನೊಂದು ಕ ಭಾಷೆ. ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್ ‘ಸ್ಟಾರ್ ಟ್ರೆಕ್’ ಸಿನಿಮಾದ ಅನ್ಯಗ್ರಹದವರಿಗಾಗಿ ಕಟ್ಟಿದ ಕ್ಲಿಂಗನ್ ಭಾಷೆಗೆ ಕರ್ಮ, ಕ್ರಿಯೆ, ಕರ್ತೃ ಎಂಬ ಕ್ರಮ ಕೊಟ್ಟರು. ಲೋಕದ ಭಾಷೆಗಳಲ್ಲಿ ಇದು ತೀರಾ ಅಪರೂಪ. ‘ಪುಕ್ ಲೆಘ್ ಯಾಷ್’ ಎಂಬಲ್ಲಿ ಮೊದಲು ಮಗು, ಆಮೇಲೆ ನೋಡು, ಕೊನೆಗೆ ಅಧಿಕಾರಿ. ಅರ್ಥ: ಅಧಿಕಾರಿ ಮಗುವನ್ನು ನೋಡುತ್ತಾನೆ. ‘ಮಗುವನ್ನು ನೋಡಿದರು ಅಧಿಕಾರಿ’ ಎಂದು ನಾವೂ ಹೇಳುತ್ತೇವಲ್ಲ ಎಂದು ವಾದಿಸುವವರಿದ್ದಾರೆ. ನಮಗೆ ‘ಅನ್ನು’ವಿನ ಕಾವಲಿದೆ ಸ್ವಾಮಿ, ಪದ ಎಲ್ಲಿ ಕೂತರೂ ಅರ್ಥ ಕೆಡುವುದಿಲ್ಲ. ಕ್ಲಿಂಗನ್‌ನಲ್ಲಿ ಆ ಕಾವಲಿಲ್ಲ. ‘ಯಾಷ್ ಲೆಘ್ ಪುಕ್’ ಎಂದರೆ ನೋಡುವುದು ಮಗು. ಕ್ರಮದ ಮೇಲೆ ಅಷ್ಟು ಭಾರ ಹೊರಿಸಿದ್ದರಿಂದಲೇ ಅದು ವ್ಯಾಕರಣ.

ಲಾಅದನ್ ನನಗೆ ಇನ್ನೂ ಇಷ್ಟ. ಅಮೆರಿಕದ ಭಾಷಾವಿಜ್ಞಾನಿ ಸುಝೆಟ್ ಹೇಡನ್ ಎಲ್ಗಿನ್ ಹೆಂಗಸರ ಅನುಭವಕ್ಕೆ ಮಾತು ಸಿಗಲೆಂದು 1982ರಲ್ಲಿ ಕಟ್ಟತೊಡಗಿದ ಭಾಷೆ ಅದು. ಹೇಳಿದ್ದು ಹೇಗೆ ಗೊತ್ತಾಯಿತು ಎಂಬುದಕ್ಕೆ ಅಲ್ಲಿ ವಾಕ್ಯದ ಕೊನೆಗೊಂದು ಪದ ಬರುತ್ತದೆ. ತಾನೇ ಕಂಡದ್ದಾದರೆ ‘ವ’, ಕನಸಲ್ಲಿ ಕಂಡದ್ದಾದರೆ ‘ವೆ’. ಇದೆಂಥ ವಿಚಿತ್ರ ಎಂದು ಬೆರಗಾಗುವ ನಾವು ದಿನಕ್ಕೆ ಹತ್ತು ಸಲ ‘ಅಂತೆ’ ಎನ್ನುತ್ತೇವೆ. ‘ಅವರ ಮನೇಲಿ ಕಳ್ಳತನ ಆಯ್ತಂತೆ’ ಎಂದಾಗ, ಕಂಡವಳು ನಾನಲ್ಲ ಎಂಬುದು ಆ ಎರಡಕ್ಷರದಲ್ಲೇ ಮುಗಿಯಿತು. ಆದರೆ ಬರೀ ‘ಆಯ್ತು’ ಎಂದವರು ಕಂಡೇ ಹೇಳಿದರೋ ಊಹಿಸಿದರೋ ಕನ್ನಡ ಕೇಳುವುದಿಲ್ಲ. ಎಲ್ಗಿನ್ ಕೇಳಿದರು.

ಭಾಷೆ ಕಟ್ಟಲು ಹೊರಟವರು ಇಲ್ಲಿಂದಲೇ ಶುರು ಮಾಡಬಹುದು. ಹಾಲು ಉಕ್ಕಿದ್ದು ಕಣ್ಣಿಗೆ ಕಂಡರೆ ಒಂದು ಪ್ರತ್ಯಯ, ಸೀದ ವಾಸನೆಯಿಂದ ತಿಳಿದರೆ ಇನ್ನೊಂದು. ಆಗ ಕತೆಗೆ ಯಾವುದು ಎಂಬುದನ್ನೂ ಅವರೇ ಗೊತ್ತುಮಾಡಬೇಕು. ನಮ್ಮ ಅಜ್ಜಿಯರು ಗೊತ್ತುಮಾಡಿಕೊಂಡಿದ್ದಾರೆ: ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ.’