ಚೀನಾದ ಮರದಿಂದ ಕೀಮೋ ಬಾಟಲಿಯವರೆಗೆ

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕೀಮೋ ಶುರು ಮಾಡೋಣ ಎಂದಾಗ ರೋಗಿಯ ಜೊತೆ ಬಂದವರಲ್ಲಿ ಒಬ್ಬರಾದರೂ ಕೇಳುತ್ತಾರೆ: “ಡಾಕ್ಟ್ರೇ, ಚೀನಾದಲ್ಲಿ ಗಿಡಮೂಲಿಕೆಯಲ್ಲೇ ವಾಸಿ ಮಾಡ್ತಾರಂತಲ್ಲ, ಈ ಕೆಮಿಕಲ್ ಯಾಕೆ?” ವಾಟ್ಸಾಪ್‌ನಲ್ಲಿ ಬಂದ ವಿಡಿಯೊವೂ ಸಿದ್ಧವಿರುತ್ತದೆ. ನಾನು ಬರೆದುಕೊಡಲಿರುವ ಇರಿನೊಟೆಕಾನ್ ಎಂಬ ಕೀಮೋ ಔಷಧಿಯ ಮೂಲವೇ ಚೀನಾದ ಒಂದು ಮರ ಎಂದರೆ ಅವರಿಗೆ ಸುಲಭಕ್ಕೆ ನಂಬಿಕೆ ಬರುವುದಿಲ್ಲ.

ಕ್ಯಾಂಪ್ಟೊತೆಕಾ ಅಕ್ಯುಮಿನೇಟಾ ಎಂಬ ಆ ಮರವನ್ನು ಅಲ್ಲಿನವರು ಶಿ ಶು ಎನ್ನುತ್ತಾರೆ. ಅದರಿಂದ ಕ್ಯಾಂಪ್ಟೊತೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿ, 1966ರಲ್ಲಿ ರಚನೆಯನ್ನು ಪ್ರಕಟಿಸಿದವರು ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾನಿ. ಇಲಿಗಳ ರಕ್ತಕ್ಯಾನ್ಸರ್ ಮೇಲೆ ಅದು ಚೆನ್ನಾಗಿಯೇ ಕೆಲಸ ಮಾಡಿತು. ವಿಡಿಯೊಗಳು ಸಾಮಾನ್ಯವಾಗಿ ಇಂಥ ಕಡೆಯೇ ಮುಗಿಯುತ್ತವೆ.

ಮನುಷ್ಯರಿಗೆ ಕೊಟ್ಟಾಗ ನಡೆದದ್ದೇ ಬೇರೆ. ನೀರಿನಲ್ಲಿ ಕರಗದ ವಸ್ತುವದು. ಕರಗಿಸಲೆಂದು ಸೋಡಿಯಂ ಲವಣವಾಗಿ ಮಾರ್ಪಡಿಸಿದರು. ಹಾಗೆ ಮಾಡಿದಾಗ ಅಣುವಿನ ಒಂದು ಉಂಗುರ ತೆರೆದುಕೊಂಡು, ಕ್ಯಾನ್ಸರ್ ಕೊಲ್ಲುವ ಶಕ್ತಿ ಬಹುಪಾಲು ಹೋಯಿತು. ಮೂತ್ರದ ಆಮ್ಲೀಯತೆಗೆ ಸಿಕ್ಕಾಗ ಅದೇ ಉಂಗುರ ಮತ್ತೆ ಮುಚ್ಚಿಕೊಂಡು ವಿಷ ಮರಳಿತು, ಅದೂ ಮೂತ್ರಕೋಶದೊಳಗೆ. ರೋಗಿಗಳ ಮೂತ್ರದಲ್ಲಿ ರಕ್ತ ಬಂತು, ಬಿಳಿ ರಕ್ತಕಣಗಳು ಕುಸಿದವು. 1970ರ ದಶಕದ ಆರಂಭದಲ್ಲೇ ಪ್ರಯೋಗ ನಿಲ್ಲಿಸಬೇಕಾಯಿತು.

ಅದು ಕೆಲಸ ಮಾಡುವ ಬಗೆ ತಿಳಿದದ್ದು 1985ರಲ್ಲಿ. ಜೀವಕೋಶ ಇಬ್ಭಾಗವಾಗುವ ಮೊದಲು ಡಿಎನ್‌ಎ ಬಿಚ್ಚಿಕೊಳ್ಳಬೇಕು. ಬಿಚ್ಚಿದಷ್ಟೂ ಮುಂದಿನ ಭಾಗದಲ್ಲಿ ಹಗ್ಗದ ಹುರಿಯಂತೆ ತಿರುಚು ಬಿಗಿಯುತ್ತದೆ. ಟೋಪೊಐಸೊಮರೇಸ್-1 ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ತಿರುಚು ಸಡಿಲಿಸಿ, ಮತ್ತೆ ಕೂಡಿಸುತ್ತದೆ. ಕ್ಯಾಂಪ್ಟೊತೆಸಿನ್ ಹೋಗಿ ಕೂರುವುದು ಕತ್ತರಿಸಿದ್ದಕ್ಕೂ ಕೂಡಿಸುವುದಕ್ಕೂ ನಡುವೆ. ಕೂಡಿಕೆ ಆಗುವುದಿಲ್ಲ, ನಕಲು ಮಾಡುತ್ತ ಬಂದ ಯಂತ್ರಾಂಗ ಅಲ್ಲಿಗೆ ಡಿಕ್ಕಿ ಹೊಡೆದು ಎರಡೂ ಎಳೆ ತುಂಡಾಗುತ್ತವೆ, ಕೋಶ ಸಾಯುತ್ತದೆ.

ಇಷ್ಟು ಗೊತ್ತಾದ ಮೇಲೆ ಅಣುವನ್ನು ತಿದ್ದುವ ಕೆಲಸಕ್ಕೆ ಹುರುಪು ಬಂತು. ಜಪಾನಿನಲ್ಲಿ ತಯಾರಾದ ಇರಿನೊಟೆಕಾನ್ ನೀರಿನಲ್ಲಿ ಕರಗುತ್ತದೆ, ದೇಹದೊಳಗೆ ಹೋದ ಮೇಲೆ ಚುರುಕಾದ ರೂಪಕ್ಕೆ ತಿರುಗುತ್ತದೆ. ಈಗ ಸ್ತನ ಕ್ಯಾನ್ಸರ್‌ಗೆ ಬಳಸುವ ಟ್ರಾಸ್ಟುಝುಮಾಬ್ ಡೆರುಕ್ಸ್‌ಟೆಕಾನ್‌ನಲ್ಲಿ ಕ್ಯಾನ್ಸರ್ ಕೋಶವನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯ ಹೊತ್ತೊಯ್ಯುವ ವಿಷವೂ ಇದೇ ವಂಶದ್ದು.

ಹಾಗಾದರೆ ಮರದ ತೊಗಟೆಯನ್ನೇ ಕುದಿಸಿ ಕುಡಿದರಾಗದೇ? ಆಗದು. ನಾವು ಇರಿನೊಟೆಕಾನ್ ಕೊಡುವುದು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 180 ಮಿಲಿಗ್ರಾಂ. ಈ ಔಷಧಿಯನ್ನು ದೇಹದಿಂದ ಹೊರಹಾಕಲು ನೆರವಾಗುವ ಯುಜಿಟಿ1ಎ1 ಎಂಬ ಕಿಣ್ವ ಹುಟ್ಟಿನಿಂದಲೇ ಮಂದವಾಗಿರುವವರಿಗೆ ಅಷ್ಟೂ ಹೆಚ್ಚಾಗಬಹುದು. ಬಿಳಿ ರಕ್ತಕಣ ತೀರಾ ಇಳಿಯಬಹುದು. ತೊಗಟೆಯಲ್ಲಿ ಎಷ್ಟಿದೆ ಎಂದು ಅಳೆಯುವವರಾರು? ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಕ್ಯಾಂಪ್ಟೊತೆಸಿನ್ ಇರುವುದು 1972ರಲ್ಲೇ ಪತ್ತೆಯಾಗಿದೆ. ಔಷಧಿ ಕಂಪನಿಗಳ ಬೇಡಿಕೆಗೆ ಕಡಿದು ಕಡಿದು ಆ ಮರ ಈಗಾಗಲೇ ಸೊರಗಿದೆ. ಮನೆ ಕಷಾಯಕ್ಕೂ ಅದನ್ನು ಕಡಿಯುವುದು ಬೇಡ.

ಮೂಲಿಕೆ ಎಂದರೆ ನಿರಪಾಯ ಎಂಬ ಮಾತಿಗೆ ಉತ್ತರ 1990ರ ದಶಕದ ಬೆಲ್ಜಿಯಂನಲ್ಲಿದೆ. ತೂಕ ಇಳಿಸುವ ಮಾತ್ರೆಗಳಲ್ಲಿ ಅರಿಸ್ಟೊಲೋಕಿಯಾ ಎಂಬ ಚೀನೀ ಮೂಲಿಕೆ ಸೇರಿಕೊಂಡು ಹಲವು ಹೆಂಗಸರ ಮೂತ್ರಪಿಂಡ ಹಾಳಾಯಿತು, ಆಮೇಲೆ ಮೂತ್ರನಾಳದ ಕ್ಯಾನ್ಸರ್ ಬಂತು.

ಆದರೂ ಚೀನೀ ವೈದ್ಯವನ್ನು ಪೂರ್ತಿ ತಳ್ಳಿಹಾಕುವವರ ಜೊತೆಗೂ ನಾನಿಲ್ಲ. ಇರಿನೊಟೆಕಾನ್‌ನ ದೊಡ್ಡ ಕಾಟ ಭೇದಿ. ಜೇಷ್ಠಮಧುವೂ ಸೇರಿದಂತೆ ನಾಲ್ಕು ಮೂಲಿಕೆಗಳ ಒಂದು ಪ್ರಾಚೀನ ಚೀನೀ ಕಷಾಯವನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇದಕ್ಕಾಗಿಯೇ ಪರೀಕ್ಷಿಸಿದರು. ಇಲಿಗಳಲ್ಲಿ ಕರುಳಿನ ಗಾಯ ಬೇಗ ಮಾಯಿತು. ಸರಿಯಾದ ದಾರಿ ಇದು, ಆದರೆ ರೋಗಿಗಳಿಗೆ ಬರೆದುಕೊಡುವ ಹಂತಕ್ಕೆ ಅದಿನ್ನೂ ಬಂದಿಲ್ಲ.

ನನಗೆ ದಿನನಿತ್ಯ ಚಿಂತೆ ತರುವುದು ಮುಚ್ಚಿಟ್ಟು ತೆಗೆದುಕೊಳ್ಳುವ ಔಷಧಿ. ಬೇಸರ, ಖಿನ್ನತೆಗೆಂದು ಯುರೋಪಿನಲ್ಲಿ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಇರಿನೊಟೆಕಾನ್‌ನ ಚುರುಕು ರೂಪವನ್ನು ರಕ್ತದಲ್ಲಿ ಶೇ. 42ರಷ್ಟು ತಗ್ಗಿಸಿದ್ದು ಒಂದು ಸಣ್ಣ ಅಧ್ಯಯನದಲ್ಲಿ ಕಂಡಿದೆ. ಅಂದರೆ ಕೀಮೋ ಹಾಕಿಸಿಕೊಂಡೂ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಸಿಕ್ಕಂತೆ. ನಮ್ಮಲ್ಲಿ ಹೊಟ್ಟೆ ಶುದ್ಧಿಗೆಂದು ಕೊಡುವ ಚೂರ್ಣಗಳಲ್ಲಿ ಸೋನಾಮುಖಿ ಇರುವುದುಂಟು. ಅದು ಭೇದಿ ಮಾಡಿಸುವ ಎಲೆ. ಬೈಸಿಕೊಳ್ಳಬೇಕಾದೀತೆಂದು ಹೇಳದೇ ಇರಬೇಡಿ. ಪೊಟ್ಟಣ, ಡಬ್ಬಿ, ಪಂಡಿತರ ಚೀಟಿ, ಏನಿದ್ದರೂ ಮೊದಲ ಕೀಮೋಗೆ ಮುಂಚೆಯೇ ತಂದು ತೋರಿಸಿ. ಕೀಮೋ ಆಗಿ ವಾರದಲ್ಲಿ ಭೇದಿ ಶುರುವಾದರೆ ನಾವು ಬರೆದುಕೊಟ್ಟ ಲೋಪೆರಮೈಡ್ ಮಾತ್ರೆ ಆಗಲೇ ತೆಗೆದುಕೊಂಡು ಫೋನ್ ಮಾಡಿ. ಜೊತೆಗೆ ಜ್ವರವೂ ಇದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಬನ್ನಿ.