ಕೆಲಸ ಮುಗಿಯುವವರೆಗೆ ಕತ್ತರಿಸದ ಶಾಟ್

ನೋಡುಗನಿಗೆ ವಿಷಯ ತಿಳಿದ ಕೂಡಲೇ ಶಾಟನ್ನು, ಅಂದರೆ ಕ್ಯಾಮೆರಾ ನಿಲ್ಲದೆ ಸೆರೆಹಿಡಿದ ತುಣುಕನ್ನು, ಕತ್ತರಿಸಬೇಕು ಎಂಬುದು ಚಿತ್ರ ಸಂಕಲನ ಕಲಿಯಲು ಬಂದವರಿಗೆ ನಾವು ಹೇಳಿಕೊಡುವ ಮೊದಲ ಪಾಠ. ಕೆಲ್ಲಿ ರೈಕಾರ್ಟ್ ನಿರ್ದೇಶಿಸಿ, ಸಂಕಲನವನ್ನೂ ತಾವೇ ಮಾಡಿದ 2010ರ ಅಮೆರಿಕನ್ ಚಿತ್ರ ‘ಮೀಕ್ಸ್ ಕಟಾಫ್’ ಈ ಪಾಠವನ್ನು ಒಪ್ಪುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಅದನ್ನು ತಪ್ಪದೆ ತೋರಿಸುವುದೂ ಅದಕ್ಕಾಗಿಯೇ. 1845ರಲ್ಲಿ ಅಮೆರಿಕದ ಪಶ್ಚಿಮಕ್ಕೆ ಸಾಗುವ ಓರೆಗಾನ್ ಹಾದಿಯಲ್ಲಿ ಹೊರಟಿದ್ದ ವಲಸಿಗರನ್ನು ಸ್ಟೀಫನ್ ಮೀಕ್ ಎಂಬ ಮಾರ್ಗದರ್ಶಿ ಒಳದಾರಿಗೆ ತಿರುಗಿಸಿದ. ನೀರು ಸಿಗದ ಬಂಜರು ಬಯಲಿನಲ್ಲಿ ಅವರು ದಾರಿ ತಪ್ಪಿದರು. ಚರಿತ್ರೆಯಲ್ಲಿ ಸುಮಾರು ಸಾವಿರ ಜನರಿದ್ದ ಆ ತಂಡ ಚಿತ್ರದಲ್ಲಿ ಮೂರು ಬಂಡಿ, ಮೂರು ಕುಟುಂಬಗಳಷ್ಟೇ ಆಗಿದೆ.

ಮಿಷೆಲ್ ವಿಲಿಯಮ್ಸ್ ಅಭಿನಯಿಸಿರುವ ಎಮಿಲಿ, ಅಪರಿಚಿತ ಮೂಲನಿವಾಸಿಯೊಬ್ಬನನ್ನು ಕಂಡು ಬೆದರಿ, ಬಂಡಿಯ ಬಳಿಗೆ ಓಡಿಬಂದು ಎಚ್ಚರಿಕೆಯ ಗುಂಡು ಹಾರಿಸುತ್ತಾಳೆ. ಎರಡನೆಯ ಸಲ ಹಾರಿಸಬೇಕಾದರೆ ನಳಿಗೆಗೆ ಮದ್ದು ಸುರಿಯಬೇಕು, ಗುಂಡು ಇಳಿಸಬೇಕು, ಸಲಾಕೆಯಿಂದ ಜಡಿಯಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ ಈ ದೃಶ್ಯ ನನ್ನ ಕೈಗೆ ಬಂದಿದ್ದರೆ, ನಡುವೆ ಆಕೆಯ ಮುಖದ ಒಂದು ಕ್ಲೋಸಪ್ ಹಾಕಿ, ಮರಳುವಷ್ಟರಲ್ಲಿ ಬಂದೂಕನ್ನು ಸಿದ್ಧಮಾಡಿಬಿಡುತ್ತಿದ್ದೆ. ಹಾಗೆ ಮಾಡಿದ್ದರೆ ಬಂದೂಕು ಆಕೆಗೆ ರಕ್ಷಣೆಯಾಗಿ ಕಾಣುತ್ತಿತ್ತು. ರೈಕಾರ್ಟ್ ಆ ಕೆಲಸಕ್ಕೆ ಬೇಕಾದ ಹೊತ್ತನ್ನು ಬಿಟ್ಟುಕೊಟ್ಟಿದ್ದರಿಂದ, ಒಂದು ಗುಂಡಿಗೂ ಇನ್ನೊಂದು ಗುಂಡಿಗೂ ನಡುವೆ ಆಕೆ ಆ ಬಯಲಿನಲ್ಲಿ ಎಷ್ಟು ಒಂಟಿ ಎಂಬುದು ನಮಗೆ ತಿಳಿಯುತ್ತದೆ.

ಇಡೀ ಚಿತ್ರ ಈ ಲೆಕ್ಕದಲ್ಲೇ ನಡೆಯುತ್ತದೆ: ತಂಡದ ಹೆಂಗಸರಿಗೆ ಸಿಗುವಷ್ಟೇ ಹೊತ್ತು, ಅವರಿಗೆ ತಿಳಿದಷ್ಟೇ ವಿಷಯ ನಮಗೂ ಸಿಗುತ್ತದೆ. ಅಮೆರಿಕದ ಪಶ್ಚಿಮ ಸೀಮೆಯ ಕಥೆ ಹೇಳುವ ವೆಸ್ಟರ್ನ್ ಚಿತ್ರಗಳಿಗೆ ರೂಢಿಯಾದ ಅಗಲ ಪರದೆಯನ್ನು ಬಿಟ್ಟು ಇಲ್ಲಿ ಆಯ್ದುಕೊಂಡದ್ದು ಅಗಲವು ಎತ್ತರಕ್ಕಿಂತ ಸ್ವಲ್ಪವೇ ಹೆಚ್ಚಿರುವ ಹಳೆಯ 1.33:1ರ ಚೌಕಟ್ಟು. ಅದು ಮುಖದ ಎರಡೂ ಬದಿಯನ್ನು ಮರೆಮಾಡುವ ಅವರ ಬಾನೆಟ್ ಟೋಪಿಯಂತೆ ನಮ್ಮ ನೋಟವನ್ನೂ ಕಿರಿದಾಗಿಸುತ್ತದೆ. ಮುಂದಿನ ದಿಬ್ಬದಾಚೆ ಏನಿದೆಯೆಂದು ಹತ್ತುವ ತನಕ ಗೊತ್ತಾಗದು. ಗಂಡಸರು ದೂರದಲ್ಲಿ ಗುಂಪುಗೂಡಿ ದಾರಿಯ ಬಗ್ಗೆ ಚರ್ಚಿಸುವಾಗ ಕ್ಯಾಮೆರಾ, ಧ್ವನಿಗ್ರಹಣ ಎರಡೂ ಹೆಂಗಸರ ಪಕ್ಕದಲ್ಲೇ ಉಳಿಯುತ್ತವೆ. ಗಾಳಿಯ, ಗಾಲಿಯ ಸದ್ದಿನ ನಡುವೆ ಕಿವಿಗೆ ಬೀಳುವುದು ಅರ್ಧಂಬರ್ಧ ಮಾತು. ಧ್ವನಿ ಮಿಶ್ರಣದಲ್ಲಿ ಆ ಮಾತನ್ನು ಎತ್ತರಿಸುವುದು ಕ್ಷಣದ ಕೆಲಸ. ಎತ್ತರಿಸದೆ ಬಿಟ್ಟಿದ್ದಾರೆ ಎನ್ನುವುದನ್ನು ನಾನು ಈ ಚಿತ್ರದ ಬಹುದೊಡ್ಡ ನಿರ್ಧಾರವೆಂದು ಭಾವಿಸುತ್ತೇನೆ.

ಮುಂದೆ ಆ ಮೂಲನಿವಾಸಿಯೇ ಸೆರೆಯಾಳಾಗಿ ತಂಡದ ಜೊತೆ ನಡೆಯುತ್ತಾನೆ. ಎಮಿಲಿ ಅವನ ಹರಿದ ಪಾದರಕ್ಷೆಯನ್ನು ಹೊಲಿದುಕೊಡುತ್ತಾಳೆ. ಅವನು ತನ್ನ ಭಾಷೆಯಲ್ಲಿ ಆಡುವ ಮಾತುಗಳಿಗೆ ಅಡಿಬರಹವಿಲ್ಲ. ಅವನು ಒಯ್ಯುತ್ತಿರುವುದು ನೀರಿನ ಕಡೆಗೋ ಸಾವಿನ ಕಡೆಗೋ ಎಂಬುದು ಎಮಿಲಿಗೆ ತಿಳಿಯದೆ ಉಳಿಯುತ್ತದೆ, ನಮಗೂ ಸಹ.